ಕರುವಿಗೊಂದು ಹಾಲು, ಕೂಸಿಗೊಂದು ಹಾಲು

ಜೀವಶಾಸ್ತ್ರದ ತರಗತಿಯಲ್ಲಿ ಸಸ್ತನಿಗಳ ಪಾಠ ನಡೆಯುತ್ತಿರುತ್ತದೆ. ಮರಿಗಳಿಗೆ ಹಾಲೂಡಿಸುವ ಪ್ರಾಣಿಗಳೇ ಸಸ್ತನಿಗಳು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರೆ. ಆಗ ಯಾರದೋ ಒಬ್ಬರ ತಲೆಯಲ್ಲಿ ಒಂದು ಪ್ರಶ್ನೆ ಮೂಡುತ್ತದೆ: 'ಹಸುವಿನ ಹಾಲು ಇರುವುದು ಕರುವಿಗಾಗಿ. ಅದನ್ನು ನಾವು ಆಯುಷ್ಯಪೂರ್ತಿ ಕುಡಿಯುತ್ತೇವೆ. ಮನುಷ್ಯರ ಹಾಲು ಇರುವುದು ಮನುಷ್ಯರಿಗಾಗಿ. ಅದನ್ನು ಮಾತ್ರ ಒಂದೆರಡು ವರ್ಷಕ್ಕೇ ಬಿಟ್ಟುಬಿಡುತ್ತೇವೆ. ಇದು ತಲೆಕೆಳಗಾದ ಲೆಕ್ಕವಲ್ಲವೇ?' ಕೇಳಿದರೆ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ, ಮೇಷ್ಟ್ರು ಗದರುತ್ತಾರೆ ಎಂಬ ಅಳುಕಿನಿಂದ ಪ್ರಶ್ನೆ ಗಂಟಲಲ್ಲೇ ಉಳಿದುಬಿಡುತ್ತದೆ.

ಪ್ರಶ್ನೆಯಲ್ಲಿ ನಗುವಂಥದ್ದೇನೂ ಇಲ್ಲ. ಅದು ತರ್ಕಬದ್ಧವಾಗಿಯೇ ಇದೆ. ಅದಕ್ಕೆ ಮನೆಯಲ್ಲಿ, ಶಾಲೆಯಲ್ಲಿ ಉತ್ತರ ಸಿಗದಿದ್ದರೆ ಬೇರೆ ಯಾರಾದರೂ ಉತ್ತರ ಹೇಳಲು ಕಾದಿರುತ್ತಾರೆ. ತಾಯಿಹಾಲು ಕುಡಿದರೆ ಸ್ನಾಯುಗಳು ಹುರಿಗಟ್ಟುತ್ತವೆ, ಯಾವ ರೋಗವೂ ಹತ್ತಿರ ಸುಳಿಯುವುದಿಲ್ಲ, ಕ್ಯಾನ್ಸರ್ ಗಡ್ಡೆ ಕೂಡ ಕರಗುತ್ತದೆ ಎಂಬ ಮಾತುಗಳು ಹಲವು ದೇಶಗಳಲ್ಲಿ ಮೈಕಟ್ಟು ಬೆಳೆಸುವ ಯುವಕರ ನಡುವೆ, ರೋಗಿಗಳ ನಡುವೆ ಹರಿದಾಡಿವೆ. ಅದನ್ನು ನಂಬಿ ದುಡ್ಡು ಕೊಟ್ಟು ಕೊಂಡು ಕುಡಿದವರೂ ಇದ್ದಾರೆ. ಆದ್ದರಿಂದ ಈ ವಾರ ಮುಜುಗರವನ್ನು ಬದಿಗಿಟ್ಟು, ಒಂದು ಲೋಟ ಹಸುವಿನ ಹಾಲನ್ನೂ ಒಂದು ಲೋಟ ತಾಯಿಹಾಲನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ಅವಸರದ ಕರು, ಸಾವಕಾಶದ ಕೂಸು

ಮೊದಲು ಒಂದು ಮಾತು ನೆನಪಿನಲ್ಲಿರಲಿ. 'ಹಾಲು' ಎಂಬುದು ಒಂದೇ ಪದಾರ್ಥದ ಹೆಸರಲ್ಲ. ಪ್ರತಿಯೊಂದು ಸಸ್ತನಿಯೂ ತನ್ನ ಮರಿಯ ಅವಸರಕ್ಕೆ ತಕ್ಕಂತೆ ಬೇರೆ ಬೇರೆ ಪಾಕ ಮಾಡುತ್ತದೆ. ಉತ್ತರ ಅಟ್ಲಾಂಟಿಕ್ ಸಾಗರದ ಮಂಜಿನ ಹಾಸಿನ ಮೇಲೆ ಮರಿ ಹಾಕುವ 'ಹುಡೆಡ್ ಸೀಲ್' ಎಂಬ ಪ್ರಾಣಿ ತನ್ನ ಮರಿಗೆ ಹಾಲೂಡಿಸುವುದು ಸುಮಾರು ನಾಲ್ಕೇ ದಿನ. ಅಷ್ಟರಲ್ಲಿ ಮರಿಯ ತೂಕ ಇಮ್ಮಡಿಯಾಗಬೇಕು, ಚಳಿ ತಡೆಯಲು ಚರ್ಮದಡಿ ಕೊಬ್ಬಿನ ಕಂಬಳಿ ಬೆಳೆಯಬೇಕು. ಹಾಗಾಗಿ ಅದರ ಹಾಲಿನಲ್ಲಿ ಶೇಕಡಾ 60ರಷ್ಟು ಕೊಬ್ಬೇ ಇರುತ್ತದೆ. ಅದು ಹಾಲೆನ್ನುವುದಕ್ಕಿಂತ ಕರಗಿದ ಬೆಣ್ಣೆಯೆಂದರೇ ಸರಿ.

ಗುಸ್ತಾವ್ ಫಾನ್ ಬುಂಗೆ ಎಂಬ ವಿಜ್ಞಾನಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬೇರೆ ಬೇರೆ ಪ್ರಾಣಿಗಳ ಹಾಲನ್ನು ವಿಶ್ಲೇಷಿಸಿ ಒಂದು ಸ್ವಾರಸ್ಯವನ್ನು ಗುರುತಿಸಿದ. ಮರಿಯ ತೂಕ ಎಷ್ಟು ಬೇಗ ಇಮ್ಮಡಿಯಾಗುತ್ತದೋ ತಾಯಿಯ ಹಾಲಿನಲ್ಲಿ ಅಷ್ಟು ಹೆಚ್ಚು ಪ್ರೊಟೀನ್, ಅಷ್ಟು ಹೆಚ್ಚು ಲವಣಾಂಶ ಇರುತ್ತದೆ. ಮೊಲದ ಮರಿ ಆರೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಅದರ ತಾಯಿಯ ಹಾಲಿನಲ್ಲಿ ಪ್ರೊಟೀನ್ ಶೇಕಡಾ ಹತ್ತಕ್ಕೂ ಹೆಚ್ಚು. ಕರು ಇಮ್ಮಡಿಯಾಗಲು ಒಂದೂವರೆ ತಿಂಗಳು ಸಾಕು. ಮನುಷ್ಯರ ಕೂಸಿಗೆ ಅದೇ ಕೆಲಸಕ್ಕೆ ಸುಮಾರು ಐದು ತಿಂಗಳು ಬೇಕು.

ಕರು ಹುಟ್ಟಿದ ದಿನವೇ ಎದ್ದು ನಿಲ್ಲುತ್ತದೆ. ಅದಕ್ಕೆ ಗಟ್ಟಿ ಎಲುಬು, ಗಟ್ಟಿ ಸ್ನಾಯು ತಕ್ಷಣ ಬೇಕು. ನಮ್ಮ ಕೂಸು ಒಂದು ವರ್ಷ ಕಳೆದರೂ ತಪ್ಪು ಹೆಜ್ಜೆ ಇಡುತ್ತಿರುತ್ತದೆ. ಅದರ ದೇಹಕ್ಕೆ ಅವಸರವಿಲ್ಲ, ಅವಸರವೇನಿದ್ದರೂ ಮಿದುಳಿಗೆ. ಹಾಗಾಗಿ ತಾಯಿಹಾಲಿನಲ್ಲಿ ಪ್ರೊಟೀನ್ ಕಡಿಮೆ, ಸಕ್ಕರೆ ಹೆಚ್ಚು.

ಲೋಟ ಲೋಟಗಳ ಲೆಕ್ಕ

ಈಗ ಅಂಕಿಗಳನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ, ನಮ್ಮ ಪಠ್ಯಪುಸ್ತಕಗಳಲ್ಲಿ ದಶಕಗಳಿಂದ ಬಳಕೆಯಾಗಿರುವ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ತಾಯಿಹಾಲಿನಲ್ಲಿ 1.1 ಗ್ರಾಂ ಪ್ರೊಟೀನ್, 3.4 ಗ್ರಾಂ ಕೊಬ್ಬು, 7.4 ಗ್ರಾಂ ಸಕ್ಕರೆಯ ಅಂಶ, 28 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಸುವಿನ ಹಾಲಿನಲ್ಲಿ 3.2 ಗ್ರಾಂ ಪ್ರೊಟೀನ್, 4.1 ಗ್ರಾಂ ಕೊಬ್ಬು, 4.4 ಗ್ರಾಂ ಸಕ್ಕರೆಯ ಅಂಶ, 120 ಮಿಲಿಗ್ರಾಂ ಕ್ಯಾಲ್ಸಿಯಂ. ಎಮ್ಮೆಯ ಹಾಲಂತೂ ಇನ್ನೂ ಗಟ್ಟಿ: ಪ್ರೊಟೀನ್ 4.3 ಗ್ರಾಂ, ಕೊಬ್ಬು 6.5 ಗ್ರಾಂ, ಕ್ಯಾಲ್ಸಿಯಂ 210 ಮಿಲಿಗ್ರಾಂ. ಶಕ್ತಿಯ ಲೆಕ್ಕದಲ್ಲಿ ತಾಯಿಹಾಲು ಮತ್ತು ಹಸುವಿನ ಹಾಲು ಹೆಚ್ಚುಕಡಿಮೆ ಸಮ: ಒಂದು 65 ಕ್ಯಾಲೊರಿ, ಇನ್ನೊಂದು 67.

ಸ್ನಾಯು ಬೆಳೆಸುವ ಆಸೆಯಿಂದ ತಾಯಿಹಾಲಿನ ಹಿಂದೆ ಬಿದ್ದವರು ಇಲ್ಲಿ ಕೊಂಚ ನಿಲ್ಲಬೇಕು. 200 ಗ್ರಾಂ ಹಿಡಿಯುವ ಒಂದು ಲೋಟ ಹಸುವಿನ ಹಾಲಿನಲ್ಲಿ 6.4 ಗ್ರಾಂ ಪ್ರೊಟೀನ್ ಸಿಗುತ್ತದೆ; ತಾಯಿಹಾಲಿನಲ್ಲಿ 2.2 ಗ್ರಾಂ. ಒಂದು ಲೋಟದ ಬದಲು ಮೂರು ಲೋಟ ಕುಡಿದರೆ ಸರಿಸಮ ಆದೀತು. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಲೆಕ್ಕದಲ್ಲಿ ನಾಲ್ಕು ಲೋಟವೂ ಸಾಲದು.

ವಿದ್ಯಾರ್ಥಿಗಳು ಇನ್ನೂ ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು. ದಿನಕ್ಕೆ 2,000 ಕ್ಯಾಲೊರಿ ಬೇಕಾದ, 55 ಕಿಲೋ ತೂಕದ ಒಬ್ಬ ಯುವತಿ ಬರೀ ತಾಯಿಹಾಲಿನಿಂದಲೇ ಬದುಕುತ್ತೇನೆಂದರೆ ಮೂರು ಲೀಟರಿಗೂ ಹೆಚ್ಚು ಬೇಕು. ಅಷ್ಟು ಕುಡಿದರೂ ಸಿಗುವ ಪ್ರೊಟೀನ್ ಸುಮಾರು 34 ಗ್ರಾಂ. ಅವಳಿಗೆ ಬೇಕಾದದ್ದು ಸುಮಾರು 46 ಗ್ರಾಂ. ಒಬ್ಬ ತಾಯಿ ದಿನಕ್ಕೆ ಉಣಿಸುವ ಹಾಲು ಸರಾಸರಿ ಮುಕ್ಕಾಲು ಲೀಟರಿನ ಆಸುಪಾಸು. ಅಂದರೆ ಒಬ್ಬ ವಯಸ್ಕಳನ್ನು ಅರೆಹೊಟ್ಟೆಯಲ್ಲಿಡಲು ನಾಲ್ಕು ಕೂಸುಗಳನ್ನು ಉಪವಾಸ ಕೆಡವಬೇಕಾಗುತ್ತದೆ! ಆ ಹಾಲು ತಯಾರಿಸಲು ಒಬ್ಬೊಬ್ಬ ತಾಯಿಯೂ ದಿನಕ್ಕೆ ಐದಾರು ನೂರು ಕ್ಯಾಲೊರಿಯಷ್ಟು ಹೆಚ್ಚಿನ ಊಟ ಮಾಡಬೇಕೆಂಬುದನ್ನೂ ಮರೆಯಬಾರದು. ಇದೇ ಹಾಲು ಐದು ಕಿಲೋ ತೂಕದ ಕೂಸಿಗೆ ಪರಿಪೂರ್ಣ ಆಹಾರ. ಆಹಾರ ಶ್ರೇಷ್ಠವೋ ಅಲ್ಲವೋ ಎಂಬುದು ಉಣ್ಣುವವರು ಯಾರು ಎಂಬುದರ ಮೇಲೆ ನಿಂತಿದೆ.

ಕೋಷ್ಟಕದಲ್ಲಿ ಕಾಣದ ಸಂಪತ್ತು

ಹಾಗಾದರೆ ತಾಯಿಹಾಲನ್ನು ಅಮೃತವೆಂದು ವೈದ್ಯರು ಏಕೆ ಹೊಗಳುತ್ತಾರೆ? ಅದರ ಹಿರಿಮೆ ಇರುವುದು ಪ್ರಮಾಣದಲ್ಲಲ್ಲ, ಬಗೆಯಲ್ಲಿ.

ಹಾಲಿನ ಪ್ರೊಟೀನಿನಲ್ಲಿ ಎರಡು ಪಾಲು. ಹಾಲು ಒಡೆದಾಗ ಗಟ್ಟಿಯಾಗಿ ಕೂಡುವುದು ಕೇಸಿನ್. ತಿಳಿನೀರಿನಲ್ಲಿ ಉಳಿಯುವುದು ವ್ಹೇ. ಹಸುವಿನ ಹಾಲಿನಲ್ಲಿ ಕೇಸಿನ್ ಶೇಕಡಾ 80, ವ್ಹೇ ಶೇಕಡಾ 20. ತಾಯಿಹಾಲಿನಲ್ಲಿ ವ್ಹೇ ಪಾಲೇ ಹೆಚ್ಚು, ಸುಮಾರು ಶೇಕಡಾ 60. ಹಾಗಾಗಿ ಹಸುವಿನ ಹಾಲು ಜಠರದಲ್ಲಿ ಗಟ್ಟಿ ಗರಣೆಯಾಗುತ್ತದೆ, ತಾಯಿಹಾಲು ಮೃದುವಾಗಿ ಒಡೆಯುತ್ತದೆ. ಪುಟ್ಟ ಹೊಟ್ಟೆಗೆ ಇದು ಹಗುರ. ಹಸುವಿನ ಹಾಲಿನಲ್ಲಿರುವ ಬೀಟಾ-ಲ್ಯಾಕ್ಟೊಗ್ಲೋಬ್ಯುಲಿನ್ ಎಂಬ ಪ್ರೊಟೀನನ್ನು ಮನುಷ್ಯರ ದೇಹ ತಯಾರಿಸುವುದೇ ಇಲ್ಲ. ಕೆಲವು ಮಕ್ಕಳಿಗೆ ಹಸುವಿನ ಹಾಲು ಒಗ್ಗದಿರಲು ಅದೂ ಒಂದು ಕಾರಣ.

ಎರಡನೆಯದು ರಕ್ಷಣೆಯ ಪಡೆ. ತಾಯಿಯ ಕರುಳಿಗೆ ಬಂದ ರೋಗಾಣುವಿನ ಗುರುತು ಹಿಡಿದ ಕೋಶಗಳು ರಕ್ತದ ಮೂಲಕ ಸ್ತನಕ್ಕೆ ಬಂದು, ಅಲ್ಲಿ ಆ ರೋಗಾಣುವಿಗೆ ತಕ್ಕ ಪ್ರತಿಕಾಯಗಳನ್ನು ಹಾಲಿಗೆ ಸುರಿಯುತ್ತವೆ. ಅಮ್ಮ ಬದುಕುವ ಮನೆ, ಅಮ್ಮ ಕುಡಿಯುವ ನೀರು, ಅಮ್ಮನ ಓಣಿಯ ಶೀತ-ಭೇದಿ ಇವೆಲ್ಲವುಗಳ ವಿರುದ್ಧ ಕೂಸಿಗೆ ಮುಂಗಡ ರಕ್ಷಣೆ ಸಿಗುತ್ತದೆ. ಹೆರಿಗೆಯಾದ ಮೊದಲ ದಿನಗಳ ಹಳದಿ ಬಣ್ಣದ ಗಿಣ್ಣುಹಾಲಿನಲ್ಲಿ ಈ ಪ್ರತಿಕಾಯಗಳು ಹೇರಳ. ಇದರ ಜೊತೆಗೆ ಬ್ಯಾಕ್ಟೀರಿಯಾಗಳಿಗೆ ಕಬ್ಬಿಣದ ಅಂಶ ಸಿಗದಂತೆ ಬಚ್ಚಿಡುವ ಲ್ಯಾಕ್ಟೊಫೆರಿನ್, ಅವುಗಳ ಗೋಡೆ ಒಡೆಯುವ ಲೈಸೊಝೈಮ್ ಇವೆ.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ತಾಯಿಹಾಲಿನ ಘನವಸ್ತುಗಳಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರದ ಸ್ಥಾನ ಆಲಿಗೊಸ್ಯಾಕರೈಡ್ ಎಂಬ ಸಕ್ಕರೆ ಸರಪಳಿಗಳದ್ದು. ಇಂಥ ನೂರೈವತ್ತಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಇವನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕೂಸಿಗೆ ಇಲ್ಲ! ಕೂಸಿಗೆ ದಕ್ಕದ ಆಹಾರವನ್ನು ತಾಯಿಯ ದೇಹ ಇಷ್ಟು ಶ್ರಮಪಟ್ಟು ತಯಾರಿಸುವುದೇಕೆ? ಅದು ಕೂಸಿನ ಕರುಳಿನಲ್ಲಿ ನೆಲೆಸುವ ಬೈಫಿಡೊಬ್ಯಾಕ್ಟೀರಿಯಾ ಎಂಬ ಹಿತಕರ ಸೂಕ್ಷ್ಮಜೀವಿಗಳಿಗೆ ಬಡಿಸಿದ ಊಟ. ತಾಯಿ ಒಂದೇ ತುತ್ತಿನಲ್ಲಿ ಮಗುವನ್ನೂ, ಮಗುವಿನ ಕಾವಲುಗಾರರನ್ನೂ ಸಾಕುತ್ತಾಳೆ. ಹಸುವಿನ ಹಾಲಿನಲ್ಲಿ ಈ ಸರಪಳಿಗಳು ಅತ್ಯಲ್ಪ.

ಬೆಳೆದವರ ಹೊಟ್ಟೆಯಲ್ಲಿ

ಈ ಸಂಪತ್ತು ಬೆಳೆದವರಿಗೂ ಸಿಗಲಿ ಎಂದರೆ ತಪ್ಪೇನು? ಒಂದೊಂದಾಗಿ ನೋಡೋಣ.

ಪ್ರತಿಕಾಯಗಳ ವಿಷಯ. ನವಜಾತ ಶಿಶುವಿನ ಜಠರದಲ್ಲಿ ಆಮ್ಲ ಕಡಿಮೆ, ಪಾಚಕ ರಸಗಳು ಸಪ್ಪೆ. ಹಾಗಾಗಿ ಪ್ರತಿಕಾಯಗಳಲ್ಲಿ ಹೆಚ್ಚಿನ ಪಾಲು ಪಾರಾಗಿ ಕರುಳಿಗೆ ತಲುಪುತ್ತವೆ. ವಯಸ್ಕರ ಜಠರವೋ ಆಮ್ಲದ ಕಡಾಯಿ. ಅದೂ ಅಲ್ಲದೆ ಒಂದು ಲೀಟರ್ ತಾಯಿಹಾಲಿನಲ್ಲಿ ಇರುವ ಪ್ರತಿಕಾಯ ಸುಮಾರು ಒಂದು ಗ್ರಾಂ. ಆರೋಗ್ಯವಂತ ವಯಸ್ಕರ ದೇಹ ಅದೇ ಜಾತಿಯ ಪ್ರತಿಕಾಯವನ್ನು ದಿನಕ್ಕೆ ಮೂರು ಗ್ರಾಂಗೂ ಹೆಚ್ಚು ತಾನೇ ತಯಾರಿಸಿಕೊಳ್ಳುತ್ತದೆ. ತುಂಬಿದ ಬಾವಿಗೆ ಚೊಂಬಿನಲ್ಲಿ ನೀರು ಸುರಿದಂತೆ.

ಲ್ಯಾಕ್ಟೋಸ್ ವಿಷಯ ಇನ್ನೂ ಮುಖ್ಯ. ಈ ಸಕ್ಕರೆಯನ್ನು ಒಡೆಯಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಹಾಲು ಬಿಟ್ಟ ಮೇಲೆ ಸಸ್ತನಿಗಳಲ್ಲಿ ಇದರ ಉತ್ಪಾದನೆ ಇಳಿಯುತ್ತದೆ. ಜಗತ್ತಿನ ವಯಸ್ಕರಲ್ಲಿ ಮೂರರಲ್ಲಿ ಇಬ್ಬರ ಸ್ಥಿತಿ ಇದೇ. ಜಾನುವಾರು ಸಾಕಿದ ಕೆಲವು ಜನಸಮುದಾಯಗಳಲ್ಲಿ ಮಾತ್ರ, ಕಳೆದ ಕೆಲವು ಸಾವಿರ ವರ್ಷಗಳಲ್ಲಿ, ಈ ಕಿಣ್ವ ಕೊನೆಯವರೆಗೂ ಉಳಿಯುವಂತೆ ಮಾಡುವ ಜೀನ್ ಬದಲಾವಣೆ ಹರಡಿತು. ಯುರೋಪಿನಲ್ಲಿ ಕಂಡುಬರುವ ಅದೇ ಬದಲಾವಣೆ ಭಾರತದಲ್ಲೂ ಇದೆಯೆಂದು 2012ರ ಒಂದು ಅಧ್ಯಯನ ತೋರಿಸಿತು. ನಮ್ಮ ನೆರೆಯ ನೀಲಗಿರಿ ಬೆಟ್ಟಗಳಲ್ಲಿ ಎಮ್ಮೆ ಸಾಕಿ ಬದುಕಿದ ತೋಡರಲ್ಲಿ ಅದು ಬಹಳ ಹೆಚ್ಚು.

ಆ ಬದಲಾವಣೆ ಇಲ್ಲದವರು ಒಂದು ಸಲಕ್ಕೆ ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು ಸಾಮಾನ್ಯವಾಗಿ ತಡೆದುಕೊಳ್ಳಬಲ್ಲರು. ಒಂದು ಲೋಟ ಹಸುವಿನ ಹಾಲಿನಲ್ಲಿ ಅದು ಒಂಬತ್ತು ಗ್ರಾಂನಷ್ಟು. ತಾಯಿಹಾಲಿನಲ್ಲಿ ಹದಿನಾಲ್ಕು ಗ್ರಾಂ ದಾಟುತ್ತದೆ. ಅಂದರೆ, 'ನನಗೆ ಹಸುವಿನ ಹಾಲು ಆಗದು, ಹೊಟ್ಟೆ ಉಬ್ಬರಿಸುತ್ತದೆ. ಮನುಷ್ಯರ ಹಾಲಾದರೆ ಒಗ್ಗೀತು' ಎಂದುಕೊಳ್ಳುವವರಿಗೆ ಆಗುವುದು ಅದರ ವಿರುದ್ಧವೇ. ಅಂಥವರಿಗೆ ನಮ್ಮ ಅಜ್ಜಿಯರ ಉಪಾಯವೇ ವಾಸಿ. ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದಷ್ಟು ಭಾಗವನ್ನು ತಾವೇ ತಿಂದು ಮುಗಿಸಿರುತ್ತವೆ. ಆದ್ದರಿಂದಲೇ ಹಾಲು ಆಗದ ಎಷ್ಟೋ ಜನರಿಗೆ ಮೊಸರು ಮಜ್ಜಿಗೆ ಆಗುತ್ತದೆ.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ಅದಕ್ಕೊಂದು ನಿಜವಾದ ಮೂಲವಿದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನಾ ಸ್ವಾನ್‌ಬೋರ್ಗ್ ಅವರ ತಂಡ ತಾಯಿಹಾಲಿನ ಸೋಂಕು ತಡೆಯುವ ಗುಣವನ್ನು ಪರೀಕ್ಷಿಸುತ್ತಿತ್ತು. ಆ ಪ್ರಯೋಗಕ್ಕೆ ಬಳಸಿದ ಕ್ಯಾನ್ಸರ್ ಕೋಶಗಳೇ ಸಾಯತೊಡಗಿದವು. 1995ರಲ್ಲಿ ಪ್ರಕಟವಾದ ಈ ಸಂಶೋಧನೆ ಮುಂದುವರಿದು, ಹಾಲಿನ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಎಂಬ ಪ್ರೊಟೀನಿನ ಮಡಿಕೆ ಬಿಚ್ಚಿ ಅದು ಓಲಿಯಿಕ್ ಆಮ್ಲದೊಂದಿಗೆ ಸೇರಿದಾಗ ಈ ಗುಣ ಬರುತ್ತದೆ ಎಂದು ತಿಳಿಯಿತು. ಅದಕ್ಕೆ 'ಹ್ಯಾಮ್ಲೆಟ್' ಎಂದು ಹೆಸರಿಟ್ಟರು. ಚರ್ಮದ ಗಂಟುಗಳ ಮೇಲೆ ಹಚ್ಚಿ, ಮೂತ್ರಕೋಶದ ಗಡ್ಡೆಗೆ ನೇರವಾಗಿ ಹಾಕಿ ಪರೀಕ್ಷೆಗಳು ನಡೆದಿವೆ. ಈಚಿನ ಪರೀಕ್ಷೆಗಳಲ್ಲಿ ಹಾಲನ್ನೇ ಬಳಸದೆ, ಪ್ರೊಟೀನಿನ ಒಂದು ತುಣುಕನ್ನು ಕೃತಕವಾಗಿ ತಯಾರಿಸಿ ಬಳಸಲಾಗಿದೆ. ಇದರಲ್ಲಿ ಎಲ್ಲಿಯೂ 'ಹಾಲು ಕುಡಿದರೆ ಕ್ಯಾನ್ಸರ್ ಹೋಗುತ್ತದೆ' ಎಂಬ ಮಾತಿಲ್ಲ. ಪ್ರಯೋಗಶಾಲೆಯ ಒಂದು ಹೊಸ ದಾರಿ ಬಾಯಿಂದ ಬಾಯಿಗೆ ಹೋಗುತ್ತ ಮನೆಮದ್ದಾಗಿಬಿಟ್ಟಿದೆ. ರೋಗಿಯೊಬ್ಬ ಇದನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆ ತಡಮಾಡಿದರೆ ಆಗುವ ಹಾನಿ ಲೋಟದ ಹಾಲಿನದ್ದಷ್ಟೇ ಅಲ್ಲ.

ಆಲಿಗೊಸ್ಯಾಕರೈಡ್ ವಿಷಯದಲ್ಲಿ ಮಾತ್ರ ಬೆಳೆದವರಿಗೂ ಕೊಂಚ ಆಸೆ ಇದೆ. 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಂಥ ಎರಡು ಸರಪಳಿಗಳನ್ನು ಆರೋಗ್ಯವಂತ ವಯಸ್ಕರಿಗೆ ಕೊಟ್ಟಾಗ ಅವರ ಕರುಳಿನಲ್ಲಿ ಬೈಫಿಡೊಬ್ಯಾಕ್ಟೀರಿಯಾಗಳು ಹೆಚ್ಚಿದವು. ಆದರೆ ಅಲ್ಲಿ ಬಳಸಿದ್ದು ತಯಾರಿಸಿದ ಪುಡಿಯನ್ನು. ಇಂಥ ಸರಪಳಿಗಳನ್ನು ಈಗ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳಿಂದಲೇ ಮಾಡಿಸುತ್ತಾರೆ. ಯಾವ ತಾಯಿಯ ಮುಂದೆಯೂ ಲೋಟ ಹಿಡಿದು ನಿಲ್ಲಬೇಕಾಗಿಲ್ಲ.

ಹಳೆಯ ಹಂಬಲ

ಈ ಹಂಬಲ ಹೊಸದೇನಲ್ಲ. ನಮ್ಮ ಚರಕಸಂಹಿತೆ ಎಂಟು ಬಗೆಯ ಹಾಲುಗಳನ್ನು ವಿವರಿಸುವಾಗ ಆನೆ, ಒಂಟೆಗಳ ಹಾಲಿನ ಸಾಲಿನಲ್ಲಿ ಮನುಷ್ಯರ ಹಾಲನ್ನೂ ಸೇರಿಸಿದೆ. ಅದು ಜೀವನದಾಯಕ, ಪುಷ್ಟಿಕರ ಎಂದು ಹೇಳಿ, ಮೂಗಿನಿಂದ ರಕ್ತ ಸುರಿಯುವಾಗ ಮತ್ತು ಕಣ್ಣಿನ ಬೇನೆಯಲ್ಲಿ ಬಳಸಬಹುದೆಂದು ಸೂಚಿಸಿದೆ. ಕಣ್ಣು ಕೆಂಪಾದರೆ ಬಾಣಂತಿಯ ಹಾಲಿನ ಎರಡು ಹನಿ ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಉಳಿದುಬಂದಿದೆ. ಇಂದಿನ ಕಣ್ಣಿನ ವೈದ್ಯರು ಇದನ್ನು ಒಪ್ಪುವುದಿಲ್ಲ. ಹಾಲಿನ ಸಕ್ಕರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯಬಲ್ಲವು, ಸೋಂಕು ತಗಲಬಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ ಸರಿಯಾದ ಮದ್ದು ತಡವಾಗುತ್ತದೆ.

ಇಟಲಿಯ ಫ್ಲಾರೆನ್ಸ್ ನಗರದ ತತ್ತ್ವಜ್ಞಾನಿ ಮಾರ್ಸಿಲಿಯೊ ಫಿಚಿನೊ 1489ರಲ್ಲಿ ಬರೆದ ಗ್ರಂಥದಲ್ಲಿ, ಒಣಗಿ ಕೃಶರಾದ ಮುದುಕರು ಆರೋಗ್ಯವಂತ ಯುವತಿಯ ಹಾಲು ಕುಡಿಯಬೇಕೆಂದು ಸಲಹೆ ಕೊಟ್ಟಿದ್ದ. ಇಂಗ್ಲೆಂಡಿನಲ್ಲಿ ಕೇಂಬ್ರಿಜ್‌ನ ಕಾಲೇಜೊಂದಕ್ಕೆ ತನ್ನ ಹೆಸರು ಬಿಟ್ಟುಹೋದ ವೈದ್ಯ ಜಾನ್ ಕೀಸ್ 1573ರಲ್ಲಿ ತೀರಿಕೊಂಡ. ಕೊನೆಯ ಕಾಯಿಲೆಯಲ್ಲಿ ಆತ ದಾದಿಯ ಹಾಲು ಕುಡಿದೇ ಜೀವ ಹಿಡಿದಿದ್ದನಂತೆ. ಸಿಡುಕಿನ ಹೆಂಗಸಿನ ಹಾಲು ಕುಡಿದಾಗ ಆತನೂ ಸಿಡುಕುತ್ತಿದ್ದ, ಸಮಾಧಾನಿಯಾದ ಇನ್ನೊಬ್ಬಳು ಬಂದಾಗ ಶಾಂತನಾದ ಎಂದು ಥಾಮಸ್ ಮಫೆಟ್ ಎಂಬ ವೈದ್ಯ ಬರೆದಿಟ್ಟಿದ್ದಾನೆ. ಹಾಲಿನ ಮೂಲಕ ಗುಣ ಹರಿದುಬರುತ್ತದೆಂಬ ನಂಬಿಕೆ ಅಂದು ಎಲ್ಲೆಡೆ ಇತ್ತು. ಕಾಯಿಲೆಯ ಮುದುಕನ ಮೂಗಿನ ತುದಿಯ ಕೋಪಕ್ಕೆ ಹಾಲು ಕೊಟ್ಟ ಹೆಂಗಸು ಹೊಣೆಯಾದಳು! ಅವಳ ಕೂಸು ಆ ದಿನಗಳಲ್ಲಿ ಏನು ಕುಡಿಯಿತೆಂದು ಮಫೆಟ್ ಬರೆದಿಲ್ಲ.

ಸಂತೆಗೆ ಬಂದ ಹಾಲು

ನಮ್ಮ ಕಾಲದಲ್ಲಿ ಈ ಹಂಬಲಕ್ಕೆ ಅಂಗಡಿ ಸಿಕ್ಕಿತು. 2011ರ ಫೆಬ್ರವರಿಯಲ್ಲಿ ಲಂಡನ್ನಿನ ಒಂದು ಅಂಗಡಿ ತಾಯಿಹಾಲಿನ ಐಸ್‌ಕ್ರೀಮ್ ಮಾರಿ ಸುದ್ದಿಯಾಯಿತು. ನಗರಸಭೆಯ ಅಧಿಕಾರಿಗಳು ಅದನ್ನು ಪರೀಕ್ಷೆಗೆಂದು ಎತ್ತಿಕೊಂಡು ಹೋದರು. 2013ರಲ್ಲಿ ಚೀನಾದ ಶೆನ್‌ಜೆನ್ ನಗರದಲ್ಲಿ ಹಣವಂತ ವಯಸ್ಕರಿಗೆ ಹಾಲೂಡಿಸುವ ದಾದಿಯರನ್ನು ಒದಗಿಸುವ ಏಜೆನ್ಸಿಯ ವರದಿ ಪತ್ರಿಕೆಯಲ್ಲಿ ಬಂದು ದೇಶವೆಲ್ಲ ಕೆರಳಿತು. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇಂಟರ್‌ನೆಟ್ ಮೂಲಕ ಮಾರಾಟ ಶುರುವಾಯಿತು.

ಹೀಗೆ ಮಾರುವ ಹಾಲು ಹೇಗಿರುತ್ತದೆ? ಅಮೆರಿಕದ ಸಂಶೋಧಕರು ಇಂಟರ್‌ನೆಟ್‌ನಲ್ಲಿ 101 ಮಾದರಿಗಳನ್ನು ಕೊಂಡು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಶೇಕಡಾ 74ರಷ್ಟು ಹಾಲಿನ ಬ್ಯಾಂಕಿನ ಅಳತೆಗೋಲಿನಲ್ಲಿ ಅನುತ್ತೀರ್ಣವಾಗುವಷ್ಟು ಬ್ಯಾಕ್ಟೀರಿಯಾಗಳಿಂದ ಕೂಡಿದ್ದವು. ಅದೇ ತಂಡ 2015ರಲ್ಲಿ ಮತ್ತೊಂದು ಸಂಗತಿ ಹೊರಹಾಕಿತು: 102 ಮಾದರಿಗಳಲ್ಲಿ ಹತ್ತಕ್ಕೆ ಹಸುವಿನ ಹಾಲನ್ನು ಗಣನೀಯ ಪ್ರಮಾಣದಲ್ಲಿ ಬೆರೆಸಲಾಗಿತ್ತು! ಹಸುವಿನ ಹಾಲು ಬೇಡವೆಂದು ದುಬಾರಿ ಬೆಲೆ ತೆತ್ತವನಿಗೆ ಕೊನೆಗೂ ಸಿಕ್ಕಿದ್ದು ಹಸುವಿನ ಹಾಲೇ. ಅದೇ ವರ್ಷ ಲಂಡನ್ನಿನ ಸಂಶೋಧಕರು ವಯಸ್ಕರಿಗೆಂದೇ ಬರೆದ ಎಚ್ಚರಿಕೆಯಲ್ಲಿ, ಈ ಹಾಲಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಅಪಾಯ ಮಾತ್ರ ಸಾಕಷ್ಟಿದೆ ಎಂದರು. ಎಚ್‌ಐವಿ, ಎಚ್‌ಟಿಎಲ್‌ವಿ, ಸೈಟೊಮೆಗಾಲೊ ಮುಂತಾದ ವೈರಸ್‌ಗಳು ಹಾಲಿನಲ್ಲಿ ದಾಟಬಲ್ಲವು. ಕುಡಿತ, ತಂಬಾಕು, ಹಲವು ಔಷಧಗಳ ಅಂಶವೂ ಹಾಲಿಗೆ ಇಳಿಯುತ್ತದೆ.

ಹಸಿ ಹಸುವಿನ ಹಾಲೇನೂ ಪರಿಶುದ್ಧವಲ್ಲ; ಅದರಲ್ಲೂ ಕ್ಷಯ, ಬ್ರುಸೆಲ್ಲಾ ರೋಗಾಣುಗಳು ಇರಬಹುದು. ಆದರೆ ಊರಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಸಿ ನೋಡುತ್ತಾರೆ, ಜಿಡ್ಡು ಅಳೆಯುತ್ತಾರೆ, ಮುಂದೆ ಪಾಶ್ಚರೀಕರಿಸುತ್ತಾರೆ, ಮನೆಯಲ್ಲಿ ಅಮ್ಮ ಇನ್ನೊಮ್ಮೆ ಉಕ್ಕಿಸುತ್ತಾಳೆ. ಗುಟ್ಟಾಗಿ ಕೊಂಡ ತಾಯಿಹಾಲಿಗೆ ಈ ಯಾವ ಕಾವಲೂ ಇಲ್ಲ.

ಸಂತೆಯ ಇನ್ನೊಂದು ತುದಿಯಲ್ಲಿ ಮಾರುವವರಿದ್ದಾರೆ. ಅಮೆರಿಕದ ಒಂದು ಕಂಪನಿ ಕಾಂಬೋಡಿಯದ ಬಡ ತಾಯಂದಿರಿಂದ ಹಾಲು ಕೊಂಡು ತನ್ನ ದೇಶಕ್ಕೆ ಸಾಗಿಸುತ್ತಿತ್ತು. 2017ರಲ್ಲಿ ಕಾಂಬೋಡಿಯ ಸರಕಾರ ಈ ರಫ್ತನ್ನು ನಿಷೇಧಿಸಿತು. ಹಸಿದ ಮನೆಯಲ್ಲಿ ಹಾಲಿಗೆ ಬೆಲೆ ಕಟ್ಟಿದರೆ ಮೊದಲು ಸೊರಗುವುದು ತೊಟ್ಟಿಲಲ್ಲಿರುವ ಕೂಸು ಎಂಬುದು ಯಾರಿಗಾದರೂ ಹೊಳೆಯುವ ಮಾತು. ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ: 2006ರ ಕಾನೂನಿನಡಿ ಮನುಷ್ಯರ ಹಾಲನ್ನು ಸಂಸ್ಕರಿಸಿ ಮಾರಲು ಅನುಮತಿ ಇಲ್ಲ.

ನಿಜವಾದ ಗಿರಾಕಿ

ಹಾಗಾದರೆ ಒಬ್ಬ ತಾಯಿಗೆ ಕೂಸು ಕುಡಿದು ಮಿಗುವಷ್ಟು ಹಾಲಿದ್ದರೆ? ಅದನ್ನು ಕಾತರದಿಂದ ಕಾಯುವವರು ಇದ್ದಾರೆ. ಅವರ ತೂಕ ಒಂದೂವರೆ ಕಿಲೋ ಕೂಡ ಇರುವುದಿಲ್ಲ.

2020ರಲ್ಲಿ ಭಾರತದಲ್ಲಿ ಮೂವತ್ತು ಲಕ್ಷದಷ್ಟು ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವು. ಇಂಥ ಮಕ್ಕಳ ಕರುಳು ಎಳಸು. ಡಬ್ಬಿಯ ಪುಡಿಹಾಲು ಕೊಟ್ಟರೆ ಕರುಳು ಕೊಳೆಯುವ ಭೀಕರ ಕಾಯಿಲೆ ಬರುವ ಸಂಭವ, ಇನ್ನೊಬ್ಬ ತಾಯಿಯ ಹಾಲು ಕೊಟ್ಟಾಗಿನದಕ್ಕಿಂತ ಸುಮಾರು ಇಮ್ಮಡಿ. ತಾಯಿ ಕಾಯಿಲೆ ಬಿದ್ದಿದ್ದರೆ, ಹಾಲಿನ್ನೂ ಇಳಿಯದಿದ್ದರೆ, ತಾಯಿಯೇ ತೀರಿಕೊಂಡಿದ್ದರೆ ದಾನದ ಹಾಲೇ ಗತಿ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ತೆರೆದರು. ಧಾರಾವಿಯ ಪಕ್ಕದ, ಬಡವರೇ ಹೆಚ್ಚಾಗಿ ಬರುವ ಆಸ್ಪತ್ರೆ ಅದು. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಹೆಸರಿನ ಇಂಥ ಬ್ಯಾಂಕ್ ಆರಂಭವಾಯಿತು.

ಇಲ್ಲಿಯ ಕ್ರಮ ಸರಳ, ಆದರೆ ಕಟ್ಟುನಿಟ್ಟು. ದಾನಿ ತಾಯಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್-ಬಿ, ಸಿಫಿಲಿಸ್‌ಗಳಿಗಾಗಿ ಪರೀಕ್ಷಿಸುತ್ತಾರೆ. ಅವಳ ಸ್ವಂತ ಕೂಸಿನ ಹೊಟ್ಟೆ ತುಂಬಿದ ಮೇಲೆ ಮಿಕ್ಕದ್ದನ್ನು ಮಾತ್ರ ಪಡೆಯುತ್ತಾರೆ. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಸೂಕ್ಷ್ಮಜೀವಿಗಳಿಲ್ಲವೆಂದು ಖಾತರಿ ಮಾಡಿಕೊಂಡು ಹೆಪ್ಪುಗಟ್ಟಿಸಿ ಇಡುತ್ತಾರೆ. ಕೊಡುವವಳಿಗೂ ದುಡ್ಡಿಲ್ಲ, ಮಾರಾಟವೂ ಇಲ್ಲ. ಕೇಂದ್ರ ಸರಕಾರ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದೂ ಇದನ್ನೇ. ಅಲ್ಲಿ ಒಂದು ಲೋಟ ಹಾಲೆಂದರೆ ಪುಟ್ಟ ವಿಷಯವಲ್ಲ. ಒಂದು ಕಿಲೋ ತೂಕದ ಮಗುವಿಗೆ ಮೊದಮೊದಲು ಕೊಡುವುದು ಒಂದೆರಡು ಗಂಟೆಗೊಮ್ಮೆ ಕೆಲವೇ ಹನಿ, ಅದೂ ಕೊಳವೆಯ ಮೂಲಕ. ನಮ್ಮ ಒಂದು ಲೋಟ ಅದಕ್ಕೆ ಹಲವು ದಿನಗಳ ಜೀವ.

ಮನೆಯ ಮಟ್ಟಿಗೆ

ತಂದೆತಾಯಿಯರು ಗಮನದಲ್ಲಿಡಬೇಕಾದ ಎರಡು ಮಾತು. ಹೆರಿಗೆಯ ನಂತರದ ಗಿಣ್ಣುಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದು ಕೂಸಿನ ಮೊದಲ ಲಸಿಕೆಯನ್ನು ಚೆಲ್ಲಿದಂತೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆ ಕೊಟ್ಟು, ಆರು ತಿಂಗಳವರೆಗೆ ಬರೀ ಎದೆಹಾಲು, ಅನಂತರ ಎರಡು ವರ್ಷ ಅಥವಾ ಮುಂದಕ್ಕೂ ಮನೆಯ ಮೆದು ಊಟದ ಜೊತೆ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನು, ವರ್ಷ ತುಂಬದ ಕೂಸಿಗೆ ಎದೆಹಾಲಿನ ಬದಲು ಹಸುವಿನ ಹಾಲು ಹಾಕುವುದು ಸರಿಯಲ್ಲ. ಅದರ ಪ್ರೊಟೀನ್, ಲವಣಗಳ ಹೊರೆ ಎಳೆಯ ಮೂತ್ರಪಿಂಡಗಳಿಗೆ ಭಾರ. ಅದರಲ್ಲಿ ದಕ್ಕುವ ಕಬ್ಬಿಣದ ಅಂಶವೂ ತೀರ ಕಡಿಮೆ. ಕರುವಿನ ಹಾಲು ಕೂಸಿಗೆ ಹೇಗೆ ಒಗ್ಗದೋ, ಕೂಸಿನ ಹಾಲು ಬೆಳೆದವರಿಗೆ ಹಾಗೆಯೇ ಸಾಲದು.

ಬೆಳೆದವರು ಹಸುವಿನ ಹಾಲು ಕುಡಿಯಲೇಬೇಕೆಂಬ ಕಟ್ಟಳೆಯೂ ಇಲ್ಲ. ಒಗ್ಗಿದರೆ ಅದು ಅಗ್ಗದ, ಉತ್ತಮ ಪ್ರೊಟೀನ್. ಒಗ್ಗದಿದ್ದರೆ ಮೊಸರಿದೆ, ಬೇಳೆಕಾಳುಗಳಿವೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಮೊಟ್ಟೆ ಇವುಗಳ ಮುಂದೆ ಗುಟ್ಟಾಗಿ ಕೊಂಡ ತಾಯಿಹಾಲಿನ ಸೀಸೆ ಯಾವ ಲೆಕ್ಕದಲ್ಲೂ ನಿಲ್ಲದು.

ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಮುಂದೆ ಬೇಡಿದ್ದು ಕರುವಿಗೆ ಹಾಲೂಡಿಸಿ ಬರುವಷ್ಟು ಸಮಯವನ್ನು. ಹಸಿದ ಹುಲಿಗೂ ಆ ಮಾತು ಅರ್ಥವಾಯಿತು. ತರಗತಿಯಲ್ಲಿ ಯಾರಾದರೂ ಮೊದಲಿನ ಆ ಪ್ರಶ್ನೆಯನ್ನು ಧೈರ್ಯಮಾಡಿ ಕೇಳಿದರೆ ಮೇಷ್ಟ್ರು ಗದರುವುದು ಬೇಡ. ಬೋರ್ಡಿನ ಮೇಲೆ ಎರಡು ಲೋಟ ಬರೆದು, ಅಂಕಿಗಳನ್ನು ತುಂಬಿಸಿ, ಪಕ್ಕದಲ್ಲಿ ಒಂದು ಪುಟ್ಟ ತೊಟ್ಟಿಲನ್ನೂ ಬರೆದರೆ ಸಾಕು. ಆ ಹಾಲು ಯಾರ ಪಾಲಿನದು ಎಂಬುದನ್ನು ಮಕ್ಕಳೇ ಹೇಳುತ್ತಾರೆ.